ರಸ್ತೆ ನೆನಪಿದೆ, ಮುಷ್ಕರ ಮರೆತಿದೆ

ಅಯ್ಯಂಕಾಳಿ ಎಂದ ಕೂಡಲೇ ಎಲ್ಲರ ಕಣ್ಣಿಗೆ ಕಟ್ಟುವುದು ಬಂಡಿ. 1893ರಲ್ಲಿ ತಿರುವಾಂಕೂರು ಸಂಸ್ಥಾನದ ವೆಂಙಾನೂರಿನ ಮೂವತ್ತು ವರ್ಷದ ಪುಲಯ ರೈತನೊಬ್ಬ ಒಂದು ವಿಲ್ಲುವಂಡಿ ಕೊಂಡು, ಎತ್ತುಗಳ ಕೊರಳಿಗೆ ಗಂಟೆ ಕಟ್ಟಿ, ಬಿಳಿ ಪಂಚೆ ಉಟ್ಟು, ತಲೆಗೆ ಮುಂಡಾಸು ಸುತ್ತಿ, ತನ್ನ ಜಾತಿಯವರು ಕಾಲಿಡಕೂಡದ ಬೀದಿಯಲ್ಲಿ ಹೊಡೆದುಕೊಂಡು ಹೋದ. ಅಂಥ ಬಂಡಿಯಲ್ಲಿ ಕೂರುವುದು ಮೇಲ್ಜಾತಿಯ ಉಳ್ಳವರ ಹಕ್ಕಾಗಿದ್ದ ಕಾಲ ಅದು. ಕಲ್ಲು ಬಿದ್ದವು, ಬಡಿದಾಟಗಳಾದವು, ಬಂಡಿ ನಿಲ್ಲಲಿಲ್ಲ. ಕನ್ನಡದ ಸಭೆಗಳಲ್ಲಿ, ಕ್ಯಾಲೆಂಡರಿನಲ್ಲಿ, ಈಚೆಗೆ ಮೊಬೈಲಿನಲ್ಲಿ ಹರಿದಾಡುವ ಚಿತ್ರಗಳಲ್ಲಿ ಅಯ್ಯಂಕಾಳಿ ಎಂದರೆ ಆ ಬಂಡಿ, ಆ ಮುಂಡಾಸು.

ತಪ್ಪೇನಿಲ್ಲ. ಒಳ್ಳೆಯ ಚಿತ್ರವೇ. ಆದರೆ ಹದಿನಾಲ್ಕು–ಹದಿನೈದು ವರ್ಷಗಳ ಮೇಲೆ ಅದೇ ಮನುಷ್ಯ ಮಾಡಿದ ಇನ್ನೊಂದು ಕೆಲಸಕ್ಕೆ ಚಿತ್ರವೇ ಇಲ್ಲ. ಇರುವುದು ಕಷ್ಟ, ಏಕೆಂದರೆ ಅಲ್ಲಿ ನೋಡುವಂಥದ್ದು ಏನೂ ನಡೆಯಲಿಲ್ಲ. ಗದ್ದೆಗೆ ಯಾರೂ ಇಳಿಯಲಿಲ್ಲ, ಅಷ್ಟೆ.

1907ರಲ್ಲಿ ಅಯ್ಯಂಕಾಳಿ ಸಾಧುಜನ ಪರಿಪಾಲನ ಸಂಘ ಕಟ್ಟಿದ. ಪುಲಯರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಬೇಕು ಎಂಬ ಕೋರಿಕೆಗೆ ಸರ್ಕಾರ ಕಾಗದದ ಮೇಲೆ ಒಲಿದರೂ ಶಾಲೆಯ ಬಾಗಿಲಲ್ಲಿ ನಿಂತ ಊರ ದೊಡ್ಡವರು ಒಲಿಯಲಿಲ್ಲ. ಆಗ ನೆಯ್ಯಾಟ್ಟಿಂಕರ ಭಾಗದ ಕೂಲಿಯಾಳುಗಳು ನಾಟಿ, ಕಳೆ, ಕೊಯ್ಲು ಎಲ್ಲ ಬಿಟ್ಟು ಕೂತರು. ಬೇಡಿಕೆ ಶಾಲೆಯೊಂದೇ ಆಗಿರಲಿಲ್ಲ. ಕೂಲಿ ಹೆಚ್ಚಬೇಕು, ಹೊಡೆತ ನಿಲ್ಲಬೇಕು, ಸುಳ್ಳು ಮೊಕದ್ದಮೆ ಹಾಕಿ ಸೆರೆಗೆ ತಳ್ಳುವುದು ನಿಲ್ಲಬೇಕು, ರಸ್ತೆಯಲ್ಲಿ ತಿರುಗಾಡಲು ಬಿಡಬೇಕು. ಅಂದಂದಿನ ಗಂಜಿಗೆ ಅಂದಂದೇ ದುಡಿಯುವ ಜನ ತಿಂಗಳುಗಟ್ಟಲೆ ಕೆಲಸ ಬಿಟ್ಟು ಬದುಕುವುದು ಹೇಗೆ? ಅಯ್ಯಂಕಾಳಿ ಕಡಲ ಕಡೆ ನಡೆದು ಮೀನುಗಾರರನ್ನು ಕಂಡ. ಅವರು ಪುಲಯರನ್ನು ದೋಣಿಗೆ ಹತ್ತಿಸಿಕೊಂಡು ಮೀನಿನಲ್ಲಿ ಪಾಲು ಕೊಟ್ಟರು. ಇತ್ತ ಜಮೀನ್ದಾರರು ತಾವೇ ಕೆಸರಿಗಿಳಿದು ನೋಡಿದರು, ಒಗ್ಗಲಿಲ್ಲ. ಕೊನೆಗೆ ಮ್ಯಾಜಿಸ್ಟ್ರೇಟ್ ಕಂಡಲ ನಾಗಂ ಪಿಳ್ಳೆ ನಡುವೆ ನಿಂತು ರಾಜಿ ಮಾಡಿಸಿದ.

ನನ್ನ ಕಣ್ಣಿಗೆ ಈ ಕತೆಯ ತಿರುಳು ಆ ದೋಣಿಯಲ್ಲಿದೆ. ಬಂಡಿ ಏರಲು ಒಬ್ಬನ ಎದೆಗಾರಿಕೆ ಸಾಕು. ಮುಷ್ಕರ ಉಳಿಯಬೇಕಾದರೆ ಇನ್ನೊಂದು ಜಾತಿಯವರು, ಇನ್ನೊಂದು ಕಸುಬಿನವರು ತಮ್ಮ ದೋಣಿಯಲ್ಲಿ ಜಾಗ ಬಿಡಬೇಕು. ಅದು ಸಂಘಟನೆಯ ಲೆಕ್ಕಾಚಾರ. ಓದು ಬರಹ ಬಾರದ ಒಬ್ಬ ರೈತ ಆ ಲೆಕ್ಕ ಹಾಕಿದ್ದ.

ಮುಷ್ಕರ ನಮಗೆ ಗೊತ್ತೇ ಇಲ್ಲ ಎನ್ನುವಂತಿಲ್ಲ. ಗೊತ್ತಿದೆ, ಆದರೆ ಗೊತ್ತಿರುವ ರೀತಿ ಬೇರೆ. ‘ಶಿಕ್ಷಣಕ್ಕಾಗಿ ನಡೆದ ಮೊದಲ ಮುಷ್ಕರ’ ಎಂದು ಅದನ್ನು ಪರಿಚಯಿಸುತ್ತಾರೆ. ಹೊಗಳಿಕೆಯಂತೆ ಕೇಳುವ ಈ ಮಾತು ಒಂದು ಕೆಲಸ ಸದ್ದಿಲ್ಲದೆ ಮಾಡಿಬಿಡುತ್ತದೆ: ಕೂಲಿಯ ಮಾತು ತೆಗೆದುಹಾಕುತ್ತದೆ. ಅಕ್ಷರ ಕೇಳಿದವರು ಗೌರವಸ್ಥರು, ರೊಕ್ಕ ಕೇಳಿದವರು ಅಷ್ಟಕ್ಕಷ್ಟೆ. ಹೀಗೆ ಸೋಸಿದ ಮೇಲೆ ಅಯ್ಯಂಕಾಳಿ ಸಮಾಜ ಸುಧಾರಕರ ಸಾಲಿನಲ್ಲಿ ಸಲೀಸಾಗಿ ಕೂರುತ್ತಾನೆ. ಮಂಗಳೂರಿನಲ್ಲಿ 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರ ಪಕ್ಕಕ್ಕೆ. ರಂಗರಾಯರ ಕೆಲಸವನ್ನು ಕಿರಿದು ಮಾಡುವ ಉದ್ದೇಶ ನನಗಿಲ್ಲ; ಆ ಕಾಲದಲ್ಲಿ ಸ್ವಂತ ಜಾತಿಯ ಬಹಿಷ್ಕಾರ ನುಂಗಿಕೊಂಡು ಮಾಡಿದ ಕೆಲಸ ಅದು. ಆದರೆ ದಾನವಾಗಿ ಬಂದ ಶಾಲೆಗೂ ಬೆಳೆ ಒಣಗಿಸಿ ತೆರೆಸಿದ ಶಾಲೆಗೂ ಅಂತರವಿದೆ. ನಮ್ಮ ಪಠ್ಯಪುಸ್ತಕಗಳು ಮೊದಲನೆಯದನ್ನು ಹೇಳಲು ಕಲಿತಿವೆ. ಎರಡನೆಯದಕ್ಕೆ ಅವುಗಳಲ್ಲಿ ಪಾಠವಿಲ್ಲ.

ಇಷ್ಟು ದೂರದ ತಿರುವಾಂಕೂರಿನಿಂದ ಮಾತು ಶುರು ಮಾಡಿದ್ದಕ್ಕೆ ಕಾರಣವಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಒಂದು ಮಾತು ಓದಿದವರ ಬಾಯಲ್ಲೇ ಕೇಳಿಬರುತ್ತದೆ: ನಮ್ಮ ಕಡೆ ಅಂಥವರು ಹುಟ್ಟಲಿಲ್ಲರೀ. ಇಲ್ಲಿ ಹುಟ್ಟಿದ್ದು ಮಠ, ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು ಮತ್ತು ಗಡಿ ತಂಟೆ ಎಂಬ ಅರ್ಥದಲ್ಲಿ. ಹೋರಾಟ ಎಂಬುದೇನಾದರೂ ಇದ್ದರೆ ಅದು ಹೊರಗಿನಿಂದ ಬಂದದ್ದು, ಮಹಾರಾಷ್ಟ್ರದ ಗಾಳಿ ಬೀಸಿದ್ದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಅಯ್ಯಂಕಾಳಿಯ ಬಂಡಿಯನ್ನಷ್ಟೇ ನೋಡುವ ಕಣ್ಣಿಗೆ ಇಲ್ಲಿಯ ಮುಷ್ಕರವೂ ಕಾಣುವುದಿಲ್ಲ, ಅದಕ್ಕೇ ಅದು ಹುಟ್ಟಲಿಲ್ಲ ಎನ್ನಿಸುತ್ತದೆ.

ಮೊದಲು ಈ ‘ಹೊರಗಿನಿಂದ’ ಎಂಬುದನ್ನೇ ನೋಡೋಣ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದರ ನೂರರ ಸಂಭ್ರಮವನ್ನು ಮೊನ್ನೆ ಸರ್ಕಾರವೇ ದೀಪ ಹಾಕಿ ಆಚರಿಸಿತು. ಆ ಅಧಿವೇಶನ ಮುಗಿದು ನಾಲ್ಕು ತಿಂಗಳಿಗೆ, 1925ರ ಏಪ್ರಿಲ್‌ನಲ್ಲಿ, ಅದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಇಲಾಖೆಯ ಬಹಿಷ್ಕೃತ ವರ್ಗಗಳ ಪ್ರಾಂತಿಕ ಪರಿಷತ್ತು ಸೇರಿತು. ಅದರಲ್ಲಿ ಮಾತಾಡಿದ್ದು ಡಾ. ಅಂಬೇಡ್ಕರ್. ಅತ್ತ ತಿರುವಾಂಕೂರಿನ ವೈಕಂನಲ್ಲಿ ದೇವಸ್ಥಾನದ ಸುತ್ತಲ ರಸ್ತೆಗಾಗಿ ಸತ್ಯಾಗ್ರಹ ಆಗಿನ್ನೂ ನಡೆದೇ ಇತ್ತು. ಅಂಬೇಡ್ಕರರ ಮಹಾಡದ ಕೆರೆ ಸತ್ಯಾಗ್ರಹಕ್ಕೆ ಇನ್ನೂ ಎರಡು ವರ್ಷವಿತ್ತು. ನಿಪ್ಪಾಣಿಯ ಪರಿಷತ್ತಿನ ನೂರಕ್ಕೆ ದೀಪ ಹಾಕಿದ್ದು ನನ್ನ ಗಮನಕ್ಕಂತೂ ಬರಲಿಲ್ಲ. ನಿಪ್ಪಾಣಿಯ ಮನೆತನದ ಬಿ.ಎಚ್. ವರಾಳೆ ಅಂಬೇಡ್ಕರರ ಜೊತೆಗಾರರಾಗಿ, 1937ರ ಚುನಾವಣೆಯಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಬೆಳಗಾವಿ ಉತ್ತರದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ಹೋದರು. ಪಕ್ಷದ ಹೆಸರಿನಲ್ಲೇ ಕಾರ್ಮಿಕ ಇದ್ದಾನೆ ಎಂಬುದನ್ನು ಗಮನಿಸಿ. ಇನ್ನು ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದ್ದು. ಶಾಹೂ ಮಹಾರಾಜರು 1917ರಲ್ಲಿ ಕಡ್ಡಾಯ ಉಚಿತ ಪ್ರಾಥಮಿಕ ಶಿಕ್ಷಣದ ಕಾನೂನು ತಂದರು. ಅಸ್ಪೃಶ್ಯರ ಮಕ್ಕಳನ್ನು ಶಾಲೆಯಲ್ಲಿ ಬೇರೆ ಕೂರಿಸಬಾರದೆಂದು ಎರಡು ವರ್ಷದ ಮೇಲೆ ಆಜ್ಞೆ ಹೊರಡಿಸಿದರು. ರಾಯಬಾಗ ಆ ಆಜ್ಞೆಯ ಸೀಮೆಯೊಳಗಿತ್ತು. ಅಲ್ಲಿಂದ ಹೊಲ ದಾಟಿದರೆ ಬ್ರಿಟಿಷರ ಚಿಕ್ಕೋಡಿ ಮತ್ತು ಅಥಣಿ, ಅಲ್ಲಿ ಆ ಆಜ್ಞೆ ಇಲ್ಲ. ಇಂಥ ನೆಲದಲ್ಲಿ ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಯಾವ ಗಡಿಕಲ್ಲು ಹಿಡಿದು ಹೇಳುವುದು?

ಈಗ ನಿಪ್ಪಾಣಿಯ ತಂಬಾಕಿಗೆ ಬರುತ್ತೇನೆ.

ದಕ್ಷಿಣ ಮರಾಠಾ ರೈಲ್ವೆಯ ಹಳಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೆಳಗಾವಿಯಿಂದ ಮೀರಜಕ್ಕೆ ಹೋದಾಗ ರಾಯಬಾಗ, ಕುಡಚಿ ಎಲ್ಲ ಅದರ ಮೇಲೆ ಬಂದವು. ಚಿಕ್ಕೋಡಿಗೆ ಊರಿಂದ ದೂರದಲ್ಲಿ ‘ಚಿಕ್ಕೋಡಿ ರೋಡ್’ ಎಂಬ ಸ್ಟೇಷನ್ನಾದರೂ ದಕ್ಕಿತು. ನಿಪ್ಪಾಣಿಗೆ ರೈಲು ಬರಲಿಲ್ಲ, ಇವತ್ತಿಗೂ ಇಲ್ಲ. ಇಷ್ಟು ದೊಡ್ಡ ಪೇಟೆ ರೈಲಿಲ್ಲದೆ ನಡೆದದ್ದು ಪುಣೆ–ಬೆಳಗಾವಿ ರಸ್ತೆಯ ಮೇಲೆ, ಚಕ್ಕಡಿಯ ಬೆನ್ನ ಮೇಲೆ. ಘಟ್ಟ ಇಳಿದು ಕೊಂಕಣಕ್ಕೆ ಹೋಗುವ ಗಾಡಿದಾರಿಯೂ ಇಲ್ಲಿಂದಲೇ. ಬಂಡಿ ಹೊಡೆಯುವವ ಇಲ್ಲಿ ಹೊಲವೂ ಇದ್ದವ, ಸುಗ್ಗಿ ಮುಗಿದ ಮೇಲೆ ಬಾಡಿಗೆಗೆ ಹೊಡೆಯುವವ. ಮುಂದೆ ಚಕ್ಕಡಿಯ ಜಾಗಕ್ಕೆ ಲಾರಿ ಬಂತು, ರಸ್ತೆಗೆ ರಾಷ್ಟ್ರೀಯ ಹೆದ್ದಾರಿ 4 ಎಂಬ ಹೆಸರು ಬಂತು. ಊರಿನ ಉಸಿರು ಮಾತ್ರ ಆ ಒಂದೇ ರಸ್ತೆ. 1981ರಲ್ಲಿ ರೈತರು ಏನು ಮಾಡಿದರು ಎಂಬುದಕ್ಕೆ ಇದು ಅರ್ಧ ವಿವರಣೆ.

ಇಲ್ಲಿಯ ತಂಬಾಕು ಬೀಡಿಯದು. ಮಳೆಗಾಲದಲ್ಲಿ ಅಗೆ ಹಾಕಿ, ಸಸಿ ಕಿತ್ತು ನಟ್ಟು, ಗಿಡ ಮೇಲೆದ್ದಾಗ ಕುಡಿ ಚಿವುಟಿ, ಆಮೇಲೆ ವಾರವಾರಕ್ಕೂ ಬಗಲ ಚಿಗುರು ಮುರಿಯಬೇಕು. ಎಲೆಗೆ ಕಸುವು ಬರಲಿ ಎಂದು ಮಾಡುವ ಈ ಕೆಲಸದಲ್ಲಿ ಕೈಗೆ ಅಂಟು ಮೆತ್ತಿ ಕಪ್ಪಾಗುತ್ತದೆ. ಅದೇ ಕೈಯಲ್ಲಿ ತಿಂದ ರೊಟ್ಟಿಯೂ ಕಹಿ. ಕೊಯ್ದ ಗಿಡವನ್ನು ಹೊಲದಲ್ಲೇ ಬಿಸಿಲಿಗೆ ಹಾಕಿ, ಬೆಳಗಿನ ಇಬ್ಬನಿಯ ಪಸೆ ಇರುವಾಗಲೇ ಎತ್ತಬೇಕು. ಹೊತ್ತು ಏರಿದರೆ ಎಲೆ ಪುಡಿಯಾಗುತ್ತದೆ. ಇಷ್ಟಾಗಿ ಬೆಲೆ ಯಾರು ಕಟ್ಟುವುದು? ವಖಾರಿಯ ವ್ಯಾಪಾರಿ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಮೂಸಿ, ತಿಕ್ಕಿ, ದರ್ಜೆ ಹೇಳುತ್ತಿದ್ದ. ತೂಕದಲ್ಲಿ ಕಡಿತ, ಧೂಳಿಗೆ ಕಡಿತ, ರೊಕ್ಕ ಕೊಡುವುದರಲ್ಲಿ ಮುಂದಿನ ವರ್ಷದ ಮಾತು. 1975ರ ತಂಬಾಕು ಮಂಡಳಿ ಕಾಯ್ದೆ ಸಿಗರೇಟಿನ ವರ್ಜೀನಿಯಾ ತಂಬಾಕಿನದು; ಹುಣಸೂರು–ಪಿರಿಯಾಪಟ್ಟಣದ ಬೆಳೆಗಾರರಿಗೆ 1984ರ ಹೊತ್ತಿಗೆ ಹರಾಜು ಕಟ್ಟೆ ಸಿಕ್ಕಿತು. ಬೀಡಿ ತಂಬಾಕು ಆ ಕಾಯ್ದೆಯ ಹೊರಗೇ ಉಳಿಯಿತು.

ರೈತನ ಈ ಗೋಳು ಎಷ್ಟೋ ಸಲ ಬರೆದಾಗಿದೆ. ಅದೇ ಚೀಲ ವಖಾರಿಯ ಒಳಗೆ ಹೋದಮೇಲೆ ಏನಾಗುತ್ತದೆ ಎಂಬುದನ್ನು ಬರೆದವರು ಕಡಿಮೆ. ಒಳಗಿದ್ದವರು ಹೆಂಗಸರು. ಸಾಲಾಗಿ ಕೂತು ಒಣಗಿದ ಎಲೆಯನ್ನು ಬಡಿಯುವುದು, ಕಡ್ಡಿ ಆರಿಸುವುದು, ಕೇರುವುದು, ದಪ್ಪ ಕಣ್ಣಿನ ಜರಡಿಯಿಂದ ಸಣ್ಣ ಕಣ್ಣಿನ ಜರಡಿಗೆ ಸೋಸುತ್ತ ಹೋಗುವುದು. ಗಾಳಿ ಆಡಿದರೆ ಪುಡಿ ಹಾರುತ್ತದೆ, ಆದ್ದರಿಂದ ಕಿಟಕಿ ತೆಗೆಯುವಂತಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಸೂರಿನ ಕೆಳಗೆ ಕಿಟಕಿ ಮುಚ್ಚಿದ ಕೋಣೆಯನ್ನು ಊಹಿಸಿಕೊಳ್ಳಿ. ಮೂಗಿಗೆ ಸೆರಗು ಕಟ್ಟಿದರೂ ಗಂಟಲಲ್ಲಿ ಘಾಟು, ಸೀನು, ವಾಂತಿ, ತಲೆ ತಿರುಗುವಿಕೆ. ಹೊರಗಿನಿಂದ ಬಂದವರು ಎರಡು ನಿಮಿಷ ನಿಲ್ಲಲಾರರು. ಸಂಜೆ ಮನೆಗೆ ಹೋಗಿ ಕೂಸಿಗೆ ಮೊಲೆ ಕೊಟ್ಟರೆ ಕೂಸಿಗೂ ಸೀನು. ಇದರ ಮೇಲೆ ಮೇಲ್ವಿಚಾರಕರ ಬೈಗುಳ, ಬೈಗುಳಕ್ಕಿಂತ ಕೆಟ್ಟ ಕಿರುಕುಳ. ಕೆಲಸಕ್ಕಿದ್ದವರಲ್ಲಿ ದಲಿತರು, ಮುಸ್ಲಿಮರು, ಗಂಡ ಬಿಟ್ಟವರು, ದೇವದಾಸಿ ಎಂದು ಮುತ್ತು ಕಟ್ಟಿಸಿಕೊಂಡವರು. ಯಾರಿಗೆ ಹೇಳಿಕೊಳ್ಳುವುದು?

ಮನೆಯಲ್ಲಿ ಕೂತು ಬೀಡಿ ಕಟ್ಟುವವರದು ಇನ್ನೊಂದು ಲೆಕ್ಕ. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಕಟ್ಟಿ ಒಯ್ದರೆ ಇದು ಕೆಟ್ಟದ್ದು, ಇದು ಸಡಿಲು ಎಂದು ಕಟ್ಟುಗಟ್ಟಲೆ ಬದಿಗಿಟ್ಟು, ಅದರ ಕೂಲಿ ಕೊಡದೆ, ಬೀಡಿಯನ್ನೂ ಮರಳಿ ಕೊಡದೆ ಕಳಿಸುತ್ತಿದ್ದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಪುಸ್ತಕದಲ್ಲಿತ್ತು. ಅದು ನಿಪ್ಪಾಣಿಯ ಓಣಿಗೆ ತಾನಾಗಿ ನಡೆದು ಬರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಪ್ರೊ. ಸುಭಾಷ್ ಜೋಶಿಯವರ ಜೊತೆ ಈ ಹೆಂಗಸರು ಸಂಘ ಕಟ್ಟಿದರು. ಮೊದಲು ಬೀಡಿಯವರು, ಹಿಂದೆಯೇ ವಖಾರಿಯವರು. ಕೇಳಿದ್ದು ಕನಿಷ್ಠ ಪಗಾರ, ಭವಿಷ್ಯ ನಿಧಿ, ಹೆರಿಗೆ ರಜೆ. ಅಷ್ಟೇ ಅಲ್ಲ, ಮರ್ಯಾದೆಯಿಂದ ಮಾತಾಡಿಸಬೇಕು ಎಂಬುದನ್ನೂ. ಕೆಲಸ ನಿಲ್ಲಿಸಿ ಬೀದಿಗೆ ಬಂದರು, ಸಭೆ ಮಾಡಿದರು, ಮೆರವಣಿಗೆ ಹೋದರು. ದೀಪಾ ಧನರಾಜ್ ಮತ್ತು ಗೆಳತಿಯರ ಯುಗಾಂತರ ಎಂಬ ಚಿತ್ರ ತಂಡ ನಿಪ್ಪಾಣಿಯಲ್ಲಿ ತಿಂಗಳುಗಟ್ಟಲೆ ಇದ್ದು 1982ರಲ್ಲಿ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಅದರಲ್ಲಿ ವಖಾರಿಯ ಒಳಗಿನ ಧೂಳನ್ನು, ಹೆಂಗಸರು ತಮ್ಮ ಬಾಯಿಂದ ಹೇಳುವುದನ್ನು ಇವತ್ತೂ ನೋಡಬಹುದು. ಛಾಯಾ ದಾತಾರ್ ಈ ಸಂಘಟನೆಯ ಮೇಲೆ ಇಡೀ ಒಂದು ಪುಸ್ತಕ ಬರೆದರು, ಇಂಗ್ಲಿಷಿನಲ್ಲಿ. 1989ರಲ್ಲಿ ದೆಹಲಿಯಿಂದ ಬಂತು. ಜಗತ್ತಿನ ಮಹಿಳಾ ಅಧ್ಯಯನದ ತರಗತಿಗಳಲ್ಲಿ ನಿಪ್ಪಾಣಿ ಪರಿಚಿತ ಹೆಸರು. ಬೆಳಗಾವಿಯಿಂದ ಬೀದರಿನ ತನಕ ಯಾವ ಕಾಲೇಜಿನಲ್ಲಾದರೂ ಕೇಳಿ ನೋಡಿ, ನಿಪ್ಪಾಣಿ ಎಂದರೆ ಗಡಿ.

ತಂಬಾಕು ರೈತರು ಕಣ್ಣು ಬಿಟ್ಟು ನೋಡಿದ್ದು ಇದನ್ನೇ. ಕೂಲಿ ಹೆಂಗಸರು ವ್ಯಾಪಾರಿಯ ಎದುರು ನಿಂತು ಮಾತಾಡುತ್ತಾರೆ ಎಂದಾದರೆ ಹೊಲ ಇದ್ದ ನಾವು ಯಾಕೆ ಬಾಯಿ ಮುಚ್ಚಿಕೊಂಡು ಅವನು ಹೇಳಿದ ದರ್ಜೆಗೆ ತಲೆ ಆಡಿಸಬೇಕು? ಆಗಲೇ ಚಾಕಣದ ಈರುಳ್ಳಿ, ನಾಶಿಕದ ಕಬ್ಬಿನ ಚಳವಳಿ ನಡೆಸಿ ಹೆಸರಾಗಿದ್ದ ಶರದ್ ಜೋಶಿ ಬಂದರು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಅಂತರರಾಷ್ಟ್ರೀಯ ಅಂಚೆ ಸಂಸ್ಥೆಯ ನೌಕರಿ ಬಿಟ್ಟು ಬಂದ ಮನುಷ್ಯ. 1981ರ ಮಾರ್ಚ್ ನಡುವಿನಿಂದ ರೈತರು ಹೆದ್ದಾರಿಯ ಮೇಲೆ ಕೂತರು. ಅಡಿಗೆ ಅಲ್ಲೇ, ನಿದ್ದೆ ಅಲ್ಲೇ, ಭಜನೆ ಅಲ್ಲೇ. ಸಾವಿರ ಸಾವಿರ ಜನ, ಮೂರು ವಾರಕ್ಕೂ ಮೇಲೆ. ಏಪ್ರಿಲ್ 6ರಂದು ಪೊಲೀಸರು ಬಂದು ನಾಯಕರನ್ನು ಹಿಡಿದರು, ಜನರನ್ನು ಎಬ್ಬಿಸಿದರು, ಗುಂಡು ಹಾರಿಸಿದರು. 12 ರೈತರು ಸತ್ತರು.

ಇನ್ನೊಂದು ತಾರೀಖು ಪಕ್ಕಕ್ಕಿಟ್ಟು ನೋಡಿ. 1980ರ ಜುಲೈ 21, ನರಗುಂದ–ನವಲಗುಂದ. ಮಲಪ್ರಭೆಯ ನೀರಿನ ಕರ, ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲೀಬಾರು. ಅಲ್ಲಿಂದ ಕರ್ನಾಟಕ ರಾಜ್ಯ ರೈತ ಸಂಘ, ಹಸಿರು ಶಾಲು, ನಂಜುಂಡಸ್ವಾಮಿ, 1983ರಲ್ಲಿ ಗುಂಡೂರಾವ್ ಸರ್ಕಾರ ಮನೆಗೆ. ಪ್ರತಿ ಜುಲೈ 21 ರೈತ ಹುತಾತ್ಮ ದಿನ. ಕರ್ನಾಟಕದ ರೈತ ಚಳವಳಿಯ ಚರಿತ್ರೆ ಎಂದರೆ ನಮಗೆ ಇದು. ನರಗುಂದಕ್ಕೂ ನಿಪ್ಪಾಣಿಗೂ ಒಂಬತ್ತು ತಿಂಗಳು ತುಂಬಿರಲಿಲ್ಲ. ಅದೇ ಮುಖ್ಯಮಂತ್ರಿ, ಅದೇ ಪೊಲೀಸು, ಅದೇ ಕರ್ನಾಟಕದ ಮಣ್ಣು, ಸತ್ತವರ ಸಂಖ್ಯೆ ಅದಕ್ಕಿಂತ ಎಷ್ಟೋ ಹೆಚ್ಚು. ನಮ್ಮ ರೈತ ಚರಿತ್ರೆಯಲ್ಲಿ ಅದಕ್ಕೆ ಅಡಿಟಿಪ್ಪಣಿಯ ಜಾಗವೂ ಕಷ್ಟದಲ್ಲಿ ಸಿಗುತ್ತದೆ. ಅದನ್ನು ಶರದ್ ಜೋಶಿಯವರ ಶೇತಕರಿ ಸಂಘಟನೆಯವರು ನೆನೆಯುತ್ತಾರೆ, ಮರಾಠಿಯಲ್ಲಿ ಬರೆಯುತ್ತಾರೆ. ನಾವು ಅವರಿಗೇ ಬಿಟ್ಟುಕೊಟ್ಟಿದ್ದೇವೆ.

ಬಿಟ್ಟುಕೊಡುವುದರಲ್ಲಿ ಒಂದು ವಿನೋದವೂ ಇದೆ. 1967ರ ಮಹಾಜನ್ ವರದಿಯೇ ಅಂತಿಮ ಎನ್ನುವುದು ನಮ್ಮ ಸರ್ಕಾರಗಳ, ಸಂಘಗಳ ಖಾಯಂ ನಿಲುವು. ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದು ಬರೆದದ್ದೂ ಅದೇ ವರದಿ. ಊರಿಗೆ ಹೆಸರು ತಂದ ದೇವಚಂದ ಕಾಲೇಜು ನಿಂತಿರುವುದು ಗಡಿಯ ಆಚೆ, ಕಾಗಲ ತಾಲೂಕಿನ ಅರ್ಜುನನಗರದಲ್ಲಿ. ನಿಪ್ಪಾಣಿಯ ಹುಡುಗರು ದಿನಾ ಬೆಳಿಗ್ಗೆ ಮಹಾರಾಷ್ಟ್ರಕ್ಕೆ ಹೋಗಿ ಸಂಜೆ ಕರ್ನಾಟಕಕ್ಕೆ ಬರುತ್ತಾರೆ. ನೆಲ ಬೇಕು ಎಂದು ಹಟ ಹಿಡಿಯುವವರು ಆ ನೆಲದಲ್ಲಿ ಗುಂಡು ತಿಂದವರ ನೆನಪೂ ತಮ್ಮದೇ ಎನ್ನಬೇಕಲ್ಲ. ನಿಪ್ಪಾಣಿ ನಮ್ಮದು ಎಂಬ ಫಲಕ ಹಿಡಿದವರಲ್ಲಿ ಏಪ್ರಿಲ್ 6 ಎಂದರೇನು ಎಂದು ಹೇಳಬಲ್ಲವರು ಎಷ್ಟು ಮಂದಿ?

ಆದರೆ ನನ್ನ ತಕರಾರು ಇಲ್ಲಿಗೇ ನಿಲ್ಲುವುದಿಲ್ಲ. ಏಪ್ರಿಲ್ 6ನ್ನು ನೆನೆಯುವವರು ಕೂಡ ಅರ್ಧವನ್ನೇ ನೆನೆಯುತ್ತಾರೆ. ಅವರ ಕತೆಯಲ್ಲಿ ರಸ್ತೆ ಇದೆ, ಶರದ್ ಜೋಶಿ ಇದ್ದಾರೆ, ಗುಂಡೇಟು ಇದೆ. ವಖಾರಿಯ ಹೆಂಗಸರು ಬರುವುದು ಬೆಂಬಲ ಕೊಟ್ಟವರಾಗಿ, ರೊಟ್ಟಿ ಕಟ್ಟಿಕೊಂಡು ಬಂದವರಾಗಿ. ಮೊದಲು ಎದ್ದವರು ಯಾರು ಎಂಬ ಕ್ರಮ ಹೀಗೆ ತಲೆಕೆಳಗಾಗುತ್ತದೆ. ಅಯ್ಯಂಕಾಳಿಯ ವಿಷಯದಲ್ಲಿ ಆದದ್ದೇ ಇಲ್ಲೂ ಆಗಿದೆ. ರಸ್ತೆಯ ಮೇಲೆ ನಡೆದದ್ದಕ್ಕೆ ಫೋಟೋ ಇದೆ, ದಿನಾಂಕ ಇದೆ, ಹುತಾತ್ಮರಿದ್ದಾರೆ. ಜರಡಿ ಕೆಳಗಿಟ್ಟು ಎದ್ದು ಬಂದವರದು ಒಂದು ದಿನದ ಘಟನೆಯಲ್ಲ. ಮಾತುಕತೆ, ಲೇಬರ್ ಆಫೀಸಿನ ಅಲೆದಾಟ, ಮುರಿದ ಒಪ್ಪಂದ, ಮತ್ತೆ ಮುಷ್ಕರ. ಅದಕ್ಕೆ ಪುಣ್ಯತಿಥಿ ಮಾಡುವುದು ಹೇಗೆ?

ಇಲ್ಲಿ ಶರದ್ ಜೋಶಿಯವರ ಪರವಾಗಿ ಒಂದು ಮಾತು ಹೇಳುವವರಿದ್ದಾರೆ, ಕೇಳಬೇಕಾದ ಮಾತೇ. ಹಳ್ಳಿಯ ಒಳಗಿನ ಜಗಳಕ್ಕಿಂತ ಹಳ್ಳಿಗೂ ಪೇಟೆಗೂ ಇರುವ ಜಗಳ ದೊಡ್ಡದು, ಭಾರತ ಬೇರೆ ಇಂಡಿಯಾ ಬೇರೆ, ರೈತನಿಗೆ ಬೆಲೆ ಸಿಕ್ಕರೆ ಕೂಲಿಯೂ ತಾನಾಗಿ ಏರುತ್ತದೆ ಎಂಬುದು ಅವರ ವಾದ. ನಿಪ್ಪಾಣಿಯಲ್ಲಿ ಅದು ಅರ್ಧ ನಿಜವೂ ಹೌದು. ರೈತನ ಎದುರಿಗಿದ್ದವನೂ ಹೆಂಗಸರ ಎದುರಿಗಿದ್ದವನೂ ಒಬ್ಬನೇ ವ್ಯಾಪಾರಿ. ಹೆಂಗಸರ ಸಂಘಕ್ಕೂ ರೈತರ ಧರಣಿಗೂ ನಡುವೆ ನಿಂತವರೂ ಒಬ್ಬರೇ, ಮುಂದೆ ಶಾಸಕರೂ ಆದ ಸುಭಾಷ್ ಜೋಶಿ. ಆದರೆ ‘ತಾನಾಗಿ’ ಎಂಬಲ್ಲಿ ನನಗೆ ನಂಬಿಕೆಯಿಲ್ಲ. ತಂಬಾಕಿನ ಬಗಲ ಚಿಗುರು ಮುರಿಯುವ ಹೆಣ್ಣಾಳಿಗೆ ರೈತನೇ ಧಣಿ. ತಿರುವಾಂಕೂರಿನ ಅಕ್ಕಿ ಪೇಟೆಯಲ್ಲಿ ಮಾರಾಟವಾಗಿ ಗದ್ದೆಯವನ ಕೈಗೆ ರೊಕ್ಕ ಬರುತ್ತಲೇ ಇತ್ತು, ಪುಲಯನ ಕೂಲಿ ಏರಿದ್ದು ಅವನು ಕೆಲಸ ಬಿಟ್ಟ ಮೇಲೆ. ವಖಾರಿಯವರ ಪಗಾರ ಏರಿದ್ದೂ ಹಾಗೇ.

ಮುಷ್ಕರದ ಹೆಂಗಸರಿಗೂ ಒಬ್ಬ ಪ್ರೊಫೆಸರ್ ಬೇಕಾಯಿತಲ್ಲ, ಅವರಲ್ಲೇ ಒಬ್ಬ ಅಯ್ಯಂಕಾಳಿ ಹುಟ್ಟಲಿಲ್ಲವಲ್ಲ ಎಂದು ಇನ್ನು ಕೆಲವರು ಕೇಳುತ್ತಾರೆ. ಕೇಳುವ ರೀತಿಯಲ್ಲೇ ಬಂಡಿಯ ಚಿತ್ರ ಕೂತಿದೆ. ಅಯ್ಯಂಕಾಳಿಗೂ ಮೀನುಗಾರರ ದೋಣಿ ಬೇಕಿತ್ತು, ಸಂಘದ ಅರ್ಜಿ ಬರೆಯುವವರು ಬೇಕಿತ್ತು, ರಾಜಿಗೆ ಒಬ್ಬ ನಾಗಂ ಪಿಳ್ಳೆ ಬೇಕಿತ್ತು. ಅವನ ದೊಡ್ಡತನ ಇದರಿಂದ ಕುಗ್ಗಿಲ್ಲ. ಸಾಕ್ಷ್ಯಚಿತ್ರದಲ್ಲಿ ಧಣಿಯ ಲೆಕ್ಕವನ್ನು ಬೆರಳು ಮಡಿಸಿ ಬಿಡಿಸಿ ಹೇಳುವ ಹೆಂಗಸರನ್ನು ನೋಡಿದವರಿಗೆ, ಇವರಿಗೆ ಹೊರಗಿನವರು ಬುದ್ಧಿ ಕಲಿಸಿದರು ಎನ್ನಲು ಬಾಯಿ ಬರುವುದಿಲ್ಲ.

ಈಗ ಇದೇ ಸೀಮೆಯಲ್ಲಿ ತಂಬಾಕು ಹಿಂದೆ ಸರಿದು ಕಬ್ಬು ಆಳುತ್ತಿದೆ. ಉಗಾರದಲ್ಲಿ 1939ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಕೃಷ್ಣೆ–ದೂಧಗಂಗೆಯ ದಂಡೆಯುದ್ದಕ್ಕೂ ಚಿಮಣಿಗಳು. ನವೆಂಬರ್ ಬಂತೆಂದರೆ ಅಥಣಿ, ಕಾಗವಾಡ, ರಾಯಬಾಗದ ರಸ್ತೆಗಳಲ್ಲಿ ಮತ್ತೆ ಬಂಡಿ: ಟಾಯರ್ ಗಾಲಿಯ ಚಕ್ಕಡಿ, ಕೋಡಿಗೆ ಬಣ್ಣ ಬಳಿದ ಎತ್ತು, ಆಳೆತ್ತರ ಕಬ್ಬು, ಮೇಲೆ ಗಂಡ ಹೆಂಡತಿ. ಬೀಡ ಜಿಲ್ಲೆಯಿಂದ, ವಿಜಯಪುರದ ಒಣ ಹಳ್ಳಿಗಳಿಂದ ಕೂಲಿಯಾಳುಗಳನ್ನು ಕರೆತರುವ ಮುಕಾದಮನ ಮುಂಗಡ ಪಡೆದು ಬಂದ ಜೋಡಿ. ಮುಂಗಡ ತೀರುವತನಕ ಜ್ವರ ಬಂದರೂ ಮರಳುವಂತಿಲ್ಲ. ಮಕ್ಕಳು ಕಾರ್ಖಾನೆಯ ಬಯಲಿನ ಗುಡಿಸಲಲ್ಲಿ. ಊರ ಶಾಲೆಯ ಹಾಜರಿಯಲ್ಲಿ ಹೆಸರು, ಕಬ್ಬಿನ ಗದ್ದೆಯಲ್ಲಿ ಮೈ.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಗೆ ಇಳಿದರು. ಟನ್ನಿಗೆ 3,500 ರೂಪಾಯಿ ಕೇಳಿದರು, ದಿನಗಟ್ಟಲೆ ಕೂತರು, ಟಿವಿಯವರು ಬಂದರು, ಸರ್ಕಾರ 3,300ಕ್ಕೆ ಬಂದು ನಿಂತಿತು. ನ್ಯಾಯವಾದ ಹೋರಾಟ, ಗೆದ್ದಷ್ಟು ಗೆದ್ದರು. ಆ ವಾರದ ಚರ್ಚೆಯಲ್ಲಿ ಒಂದು ಪದಪುಂಜ ಎಲ್ಲರ ಬಾಯಲ್ಲೂ ಇತ್ತು: ಕಟಾವು ಮತ್ತು ಸಾಗಾಟ ವೆಚ್ಚ. ಅದನ್ನು ಕಾರ್ಖಾನೆ ಭರಿಸಬೇಕೇ, ರೈತನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕೇ ಎಂಬ ವಾದ. ಕಟಾವು ಎಂದರೆ ಆ ಗಂಡ ಹೆಂಡತಿ, ಸಾಗಾಟ ಎಂದರೆ ಆ ಬಂಡಿ. ವೆಚ್ಚವನ್ನು ಯಾರ ತಲೆಗೆ ಹಾಕಬೇಕು ಎಂದು ಕಾರ್ಖಾನೆಯವರೂ ರೈತ ಮುಖಂಡರೂ ಮಂತ್ರಿಗಳೂ ಮಾತಾಡಿದರು. ಆ ವೆಚ್ಚ ಹೆಚ್ಚಬೇಕು ಎಂದು ಹೇಳಲು ಮೇಜಿನ ಸುತ್ತ ಯಾರಿಗೂ ಕುರ್ಚಿ ಹಾಕಿರಲಿಲ್ಲ. ಗುರ್ಲಾಪುರದ ರಸ್ತೆಯನ್ನು ಮುಂದೆ ಯಾರಾದರೂ ಚರಿತ್ರೆಯಾಗಿ ಬರೆಯುತ್ತಾರೆ, ಬರೆಯಲಿ. ಮುಕಾದಮನ ಮುಂಗಡದ ಚೀಟಿ, ಕಟಾವಿನ ಟನ್ನಿಗೆ ಜೋಡಿಗೆ ಸಿಕ್ಕ ದರ, ಆ ವರ್ಷ ಶಾಲೆ ಬಿಟ್ಟ ಮಕ್ಕಳ ಲೆಕ್ಕ, ಇವನ್ನು ಬೆಲೆಯ ಪಕ್ಕದ ಕಾಲಂನಲ್ಲೇ ಬರೆದರೆ ನಿಪ್ಪಾಣಿಯಲ್ಲಿ ಆದದ್ದು ಇಲ್ಲಿ ಮತ್ತೆ ಆಗಲಿಕ್ಕಿಲ್ಲ.